ಹಾಸನದಲ್ಲಿ ಚಾರ್ಜರ್ ಕೆಲಸ ಮಾಡುತ್ತಿದೆಯೇ?

ಎಲೆಕ್ಟ್ರಿಕ್ ಕಾರಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ಕುಟುಂಬ ಹಿಂದಿನ ರಾತ್ರಿಯೇ ಲೆಕ್ಕ ಹಾಕಲು ಕೂರುತ್ತದೆ. ಶಿರಾಡಿ ಘಾಟಿಯ ದಾರಿ ಸುಮಾರು 350 ಕಿಲೋಮೀಟರ್. 45 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿಯ ಟಾಟಾ ನೆಕ್ಸಾನ್‌ನ ಪ್ರಮಾಣಪತ್ರದಲ್ಲಿರುವ ರೇಂಜ್ 489 ಕಿಲೋಮೀಟರ್. ಕಾಗದದ ಲೆಕ್ಕದಂತೆ ನಡೆದರೆ ಎಲ್ಲೂ ನಿಲ್ಲದೆ ಮಂಗಳೂರು ಮುಟ್ಟಿ, ಅದೇ ಚಾರ್ಜ್‌ನಲ್ಲಿ ಉಡುಪಿಗೂ ಹೋಗಿಬರಬಹುದು. ಇಂಥ ಕಾರನ್ನು ನಾಲ್ಕು ತಿಂಗಳು ಓಡಿಸಿದವರು ಯಾರೂ ಈ ಲೆಕ್ಕವನ್ನು ನಂಬುವುದಿಲ್ಲ. ಅವರ ತಲೆಯಲ್ಲಿ ಓಡುವ ಪ್ರಶ್ನೆ ಬೇರೆ: ಹಾಸನದ ಚಾರ್ಜರ್ ನಾಳೆ ಕೆಲಸ ಮಾಡುತ್ತಿರುತ್ತದೆಯೇ?

ನಡುದಾರಿಯಲ್ಲಿ ಕಾರು ಕೈಕೊಟ್ಟೀತು ಎಂಬ ಭಯಕ್ಕೆ ಒಂದು ಕಾಲದಲ್ಲಿ ಬ್ಯಾಟರಿಯೇ ಕಾರಣವಾಗಿತ್ತು. 2001ರಲ್ಲಿ ಚೇತನ್ ಮೈನಿ ಅವರ ಕಂಪನಿ ಬೆಂಗಳೂರಿನಲ್ಲಿ ತಯಾರಿಸಿದ ರೇವಾ ಒಮ್ಮೆ ಚಾರ್ಜ್ ಮಾಡಿದರೆ ಹೆಚ್ಚೆಂದರೆ 80 ಕಿಲೋಮೀಟರ್ ಓಡುತ್ತಿತ್ತು. ಅದು ಊರೊಳಗಿನ ಕಾರು, ತುಮಕೂರಿಗೆ ಹೋದರೆ ವಾಪಸು ಬರುವ ಖಾತ್ರಿ ಇರಲಿಲ್ಲ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್, ಘೋಷಿತ ರೇಂಜ್ 312 ಕಿಲೋಮೀಟರ್. 2024ರ ಕೊನೆಗೆ ಮಹೀಂದ್ರ ಬಿಡುಗಡೆ ಮಾಡಿದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಲ್ಲಿ 79 ಯೂನಿಟ್ ಬ್ಯಾಟರಿಯೂ ಸಿಗುತ್ತದೆ. ಕಾರು ತಯಾರಕರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಆದರೂ ಭಯ ಹೋಗಿಲ್ಲ. ಅದರ ಕಾರಣ ಈಗ ಕಾರಿನೊಳಗಿಲ್ಲ, ರಸ್ತೆಬದಿಯಲ್ಲಿದೆ.

ಮೊದಲು 489ರ ಕಥೆ. ಈ ಅಂಕಿ ಸುಳ್ಳಲ್ಲ, ಆದರೆ ಹೆದ್ದಾರಿಯದಲ್ಲ. ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ, ಎಸಿ ಹಾಕದೆ, ಬಹುಪಾಲು ಊರೊಳಗಿನ ವೇಗದಲ್ಲಿ ಕಾರನ್ನು ಓಡಿಸಿ ಪಡೆದ ಫಲಿತಾಂಶ ಅದು. ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ನಾಲ್ಕು ಜನ ಮತ್ತು ಅವರ ಸಾಮಾನು ತುಂಬಿಕೊಂಡು, ಎಸಿ ಹಾಕಿ ಹೋಗುವಾಗ ಈ ಗಾತ್ರದ ಕಾರು ಒಂದು ಯೂನಿಟ್‌ಗೆ ಆರರಿಂದ ಏಳು ಕಿಲೋಮೀಟರ್ ಕೊಟ್ಟರೆ ಅದೇ ಹೆಚ್ಚು. 45 ಯೂನಿಟ್‌ಗೆ 270ರಿಂದ 315 ಕಿಲೋಮೀಟರ್ ಆಯಿತು. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 80ರ ಬದಲು 110ರಲ್ಲಿ ಓಡಿಸಿದರೆ ಗಾಳಿ ಒಡ್ಡುವ ಪ್ರತಿರೋಧ ಹೆಚ್ಚುಕಡಿಮೆ ಎರಡು ಪಟ್ಟು. ಪೆಟ್ರೋಲ್ ಕಾರಿನಿಂದ ಬಂದವರು ಮೋಸಹೋಗುವುದು ಇಲ್ಲೇ. ಪೆಟ್ರೋಲ್ ಕಾರು ಊರೊಳಗೆ ಕಡಿಮೆ, ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಇದು ತಿರುಗುಮುರುಗು. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮೋಟರೇ ಜನರೇಟರ್ ಆಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕ್ ಒತ್ತುವ ಸಂದರ್ಭವೇ ಅಪರೂಪವಾದ ಹೆದ್ದಾರಿಯಲ್ಲಿ ಆ ಆದಾಯವೂ ಇಲ್ಲ.

ಘಾಟಿಯ ಲೆಕ್ಕ ಇನ್ನೂ ಕುತೂಹಲದ್ದು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬರೀ ಗುರುತ್ವಕ್ಕೇ ನಾಲ್ಕು ಯೂನಿಟ್‌ಗಿಂತ ಹೆಚ್ಚು ತೆರಬೇಕು. ಹೆದ್ದಾರಿಯ ಲೆಕ್ಕದಲ್ಲಿ ಅದು 25 ಕಿಲೋಮೀಟರಿಗೂ ಮಿಕ್ಕಿದ ಓಟ. ಮಂಗಳೂರಿಗೆ ಇಳಿಯುವಾಗ ಇದರ ದೊಡ್ಡ ಪಾಲು ಬ್ಯಾಟರಿಗೆ ವಾಪಸು ಬರುತ್ತದೆ. ಮರಳಿ ಹತ್ತುವಾಗ ಘಾಟಿಯ ಬುಡದ ಗುಂಡ್ಯ ದಾಟಿದ ಮೇಲೆ ಕಿಲೋಮೀಟರ್‌ಗಿಂತ ವೇಗವಾಗಿ ಚಾರ್ಜ್ ಇಳಿಯುವುದು ಕಂಡು ಹೊಸಬರ ಎದೆ ಢವಢವ ಎನ್ನುತ್ತದೆ. ಹೋಗುವಾಗ ಧಾರಾಳವಾಗಿ ಸಾಕಾದ ಚಾರ್ಜ್ ಬರುವಾಗ ಸಾಲದೇ ಹೋಗಲು ಇದೇ ಕಾರಣ.

ಇಷ್ಟಾದರೂ ಈ ಪ್ರಯಾಣಕ್ಕೆ ದಾರಿಯಲ್ಲಿ ಒಂದೇ ಒಂದು ನಿಲುಗಡೆ ಸಾಕು.

ಆ ನಿಲುಗಡೆಗೆ ಎಷ್ಟು ಹೊತ್ತು ಬೇಕು? ಶೇ 20ಕ್ಕೆ ಇಳಿದ ಬ್ಯಾಟರಿಯನ್ನು ಶೇ 80ಕ್ಕೆ ತರಲು ನೆಕ್ಸಾನ್‌ಗೆ 27 ಯೂನಿಟ್ ಬೇಕು. ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ ಎಂಟು ಗಂಟೆಗೂ ಹೆಚ್ಚು. ಹೋಟೆಲ್, ಮಾಲ್‌ಗಳಲ್ಲಿ ಕಾಣುವ 7.2 ಕಿಲೋವ್ಯಾಟ್ ಎಸಿ ಚಾರ್ಜರ್‌ನಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ. 30 ಕಿಲೋವ್ಯಾಟ್ ಡಿಸಿ ಚಾರ್ಜರ್‌ನಲ್ಲಿ ಒಂದು ಗಂಟೆ, 60ರಲ್ಲಿ ಮುಕ್ಕಾಲು ಗಂಟೆಯೊಳಗೆ. ಅದಕ್ಕಿಂತ ದೊಡ್ಡ ಚಾರ್ಜರ್ ಸಿಕ್ಕಿದರೂ ಈ ಕಾರಿಗೆ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಎಷ್ಟು ವಿದ್ಯುತ್ ಎಳೆಯಬೇಕೆಂದು ತೀರ್ಮಾನಿಸುವುದು ಕಾರು. ಮಹೀಂದ್ರದ ಹೊಸ ಕಾರುಗಳು 175 ಕಿಲೋವ್ಯಾಟ್‌ವರೆಗೆ ಎಳೆಯಬಲ್ಲವು. ಅಂಥ ಚಾರ್ಜರ್ ಇದ್ದರೆ ಶೇ 20ರಿಂದ 80ಕ್ಕೆ 20 ನಿಮಿಷ ಸಾಕೆನ್ನುತ್ತದೆ ಕಂಪನಿ. ದಾರಿಯಲ್ಲಿರುವುದು ಬರೀ 30 ಕಿಲೋವ್ಯಾಟ್‌ನ ಚಾರ್ಜರ್ ಆದರೆ ಅದೇ 79 ಯೂನಿಟ್ ಕಾರು ಒಂದೂವರೆ ಗಂಟೆಗೂ ಹೆಚ್ಚು ಕಾಯಬೇಕು. ಕಾರು ಎಷ್ಟೇ ಮುಂದುವರಿದರೂ ಚಾರ್ಜರ್ ಕಂಬ ಹಳೆಯದಿದ್ದರೆ ಹಾಕಿದ ಹಣ ವ್ಯರ್ಥ.

ಎಲ್ಲರೂ ಶೇ 80ರ ಮಾತು ಏಕೆ ಆಡುತ್ತಾರೆ ಎಂಬುದು ಹೊಸ ಮಾಲೀಕರ ಸಾಮಾನ್ಯ ಪ್ರಶ್ನೆ. ಗೋಣಿಚೀಲಕ್ಕೆ ಭತ್ತ ತುಂಬುವಾಗ ಮೊದಲರ್ಧ ಸರಾಗವಾಗಿ ಸುರಿಯುತ್ತದೆ, ಬಾಯಿ ಹತ್ತಿರವಾದಂತೆ ಚೀಲ ಕುಲುಕಿ ಕುಲುಕಿ ನಿಧಾನಕ್ಕೆ ತುಂಬಬೇಕಾಗುತ್ತದೆ. ಲಿಥಿಯಂ ಅಯಾನುಗಳು ಬ್ಯಾಟರಿಯ ಗ್ರಾಫೈಟ್ ಪದರಗಳಲ್ಲಿ ಜಾಗ ಹಿಡಿಯುವುದೂ ಹೀಗೆಯೇ. ಜಾಗ ಕಡಿಮೆಯಾದ ಮೇಲೂ ಅದೇ ರಭಸದಲ್ಲಿ ತುರುಕಿದರೆ ಲಿಥಿಯಂ ಲೋಹವಾಗಿ ಮೇಲ್ಮೈಯಲ್ಲಿ ಕಟ್ಟಿಕೊಂಡು ಬ್ಯಾಟರಿ ಹಾಳಾಗುತ್ತದೆ. ಆದ್ದರಿಂದ ಶೇ 80 ದಾಟಿದಂತೆ ಕಾರು ತಾನಾಗಿ ವೇಗ ತಗ್ಗಿಸುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ನೂರಕ್ಕೆ ನೂರು ತುಂಬಿಸುತ್ತೇನೆಂದು ಹಟ ಹಿಡಿಯುವವರು ತಮ್ಮ ಸಮಯವನ್ನೂ ಹಿಂದೆ ಕಾಯುವವರ ಸಮಯವನ್ನೂ ಕಳೆಯುತ್ತಾರೆ.

ಮುಕ್ಕಾಲು ಗಂಟೆ ನಿಲ್ಲುವುದು ದೊಡ್ಡ ಕಷ್ಟವೇನಲ್ಲ. ಘಾಟಿ ಸೇರಿ ಏಳು ಗಂಟೆಯ ಪ್ರಯಾಣದಲ್ಲಿ ಮಕ್ಕಳಿಗೆ, ವಯಸ್ಸಾದವರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಚಾಲಕರಿಗೆ ಅಷ್ಟು ವಿರಾಮ ಬೇಕೇ ಬೇಕು. ಹಾಸನದಲ್ಲಿ ತಿಂಡಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಕಾರು ಸಿದ್ಧವಾಗಿರುತ್ತದೆ. ಆದರೆ ಇದೆಲ್ಲ ನಿಜವಾಗಲು ಚಾರ್ಜರ್ ಚಾಲೂ ಇರಬೇಕು, ಖಾಲಿ ಇರಬೇಕು, ಬೋರ್ಡಿನಲ್ಲಿ ಬರೆದಷ್ಟು ವಿದ್ಯುತ್ ಕೊಡಬೇಕು.

ಈ ಮೂರರಲ್ಲಿ ಒಂದಲ್ಲ ಒಂದು ತಪ್ಪುವುದು ಈಗ ಹೆದ್ದಾರಿಯ ಮಾಮೂಲಿ ಅನುಭವ. ಚಾರ್ಜರಿನ ಪರದೆ ಸತ್ತಿರುತ್ತದೆ. ಆ್ಯಪ್‌ನಲ್ಲಿ ಹಸಿರು ಚುಕ್ಕೆ ತೋರಿಸುವ ಯಂತ್ರ ಸ್ಥಳದಲ್ಲಿ ಜಪ್ಪಯ್ಯ ಎಂದರೂ ಶುರುವಾಗುವುದಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್, ಮುಂಗಡ ಹಣ. ಮಲೆನಾಡಿನ ಎಷ್ಟೋ ಕಡೆ ಮೊಬೈಲ್ ನೆಟ್‌ವರ್ಕ್ ಸಿಗುವುದೇ ಕಷ್ಟ, ಅಲ್ಲಿ ಆ್ಯಪ್ ನಂಬಿ ನಿಂತವರ ಪಾಡು ಕೇಳುವವರಿಲ್ಲ. ಚಾರ್ಜರ್ ಮುಂದಿನ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ ಊಟಕ್ಕೆ ಹೋದವರು ಯಾವಾಗ ಬರುತ್ತಾರೋ ಗೊತ್ತಿಲ್ಲ. ಕಾರಿಗೆ ಸಿಕ್ಕಿಸಲು ಇರುವ ಒಂದೇ ಗನ್‌ನಲ್ಲಿ ಮುಂದಿನ ಕಾರು ಆಗಷ್ಟೇ ಚಾರ್ಜಿಂಗ್ ಶುರು ಮಾಡಿದ್ದರೆ ಒಂದು ಗಂಟೆಯ ನಿಲುಗಡೆ ಎರಡಾಗುತ್ತದೆ. ವಾರಾಂತ್ಯ, ಹಬ್ಬದ ರಜೆ ಒಟ್ಟಿಗೆ ಬಂದ ದಿನ ಮೂರಾದರೂ ಆದೀತು.

ಒಂದೇ ಗನ್ ಇರುವ ಕೇಂದ್ರವೇ ಈ ಅಂಜಿಕೆಯ ಬೇರು. ಒಂದು ಚಾರ್ಜರ್ ಹತ್ತು ದಿನಕ್ಕೆ ಒಂದು ದಿನ ಕೆಡುತ್ತದೆ ಎಂದುಕೊಳ್ಳೋಣ. ಅದನ್ನೇ ನೆಚ್ಚಿ ಬಂದವರು ಹತ್ತರಲ್ಲಿ ಒಮ್ಮೆ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಅಂಥವೇ ಎರಡು ಪಕ್ಕಪಕ್ಕದಲ್ಲಿದ್ದು ಬೇರೆ ಬೇರೆ ಕಾರಣಕ್ಕೆ ಕೆಡುವುದಾದರೆ, ಎರಡೂ ಒಟ್ಟಿಗೆ ಕೆಡುವುದು ನೂರು ದಿನಕ್ಕೊಮ್ಮೆ. ನಾಲ್ಕಿದ್ದರೆ ಆ ಚಿಂತೆಯೇ ಬೇಡ. ನೂರು ಊರುಗಳಲ್ಲಿ ಒಂದೊಂದು ಗನ್ ನೆಟ್ಟು ಉದ್ಘಾಟನೆ ಮಾಡುವುದಕ್ಕಿಂತ ಇಪ್ಪತ್ತೈದು ಕಡೆ ನಾಲ್ಕು ನಾಲ್ಕು ಇಡುವುದು ದೂರ ಪ್ರಯಾಣಿಕರಿಗೆ ಎಷ್ಟೋ ಮೇಲು. ಸರಿಯಾದ ಟ್ರಾನ್ಸ್‌ಫಾರ್ಮರ್ ಹಾಕಿ, ನೋಡಿಕೊಳ್ಳಲು ಒಬ್ಬರನ್ನು ಇಡುವುದೂ ಆಗ ಕೈಗೆಟುಕುತ್ತದೆ.

ಸರ್ಕಾರಗಳು ಎಣಿಸುವುದು ಮಾತ್ರ ನೆಟ್ಟ ಕಂಬಗಳನ್ನು. ಕೇಂದ್ರ ಸರ್ಕಾರ 2024ರ ಕೊನೆಗೆ ಕೊಟ್ಟ ಲೆಕ್ಕದಂತೆ ದೇಶದಲ್ಲಿ 25,202 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ಅದರಲ್ಲಿ 5,765 ಕರ್ನಾಟಕದಲ್ಲಿ. ರಾಜ್ಯಗಳಲ್ಲೆಲ್ಲ ಮೊದಲ ಸ್ಥಾನ. 2017ರಲ್ಲಿ ಪ್ರತ್ಯೇಕ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯಕ್ಕೆ ಇದು ಹೆಮ್ಮೆಯ ಮಾತೇ. ಆದರೆ ಅವುಗಳಲ್ಲಿ ಬಹುಪಾಲು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಳ್ಳಬಲ್ಲ ಕಾರು ಮಾಲೀಕರು ಹೆಚ್ಚಿರುವ ಊರಿನಲ್ಲಿ ಕಂಬಗಳು ಸಾವಿರಗಟ್ಟಲೆ, ಬಳ್ಳಾರಿ, ರಾಯಚೂರು ದಾಟಿ ಕಲಬುರಗಿ, ಬೀದರ್‌ಗೆ ಹೋಗುವವರಿಗೆ ಪ್ರತಿ ನಿಲುಗಡೆಯೂ ಒಂದು ಪರೀಕ್ಷೆ. ಅಲ್ಲಿಯ ಬೇಸಿಗೆಯ 42 ಡಿಗ್ರಿ ಬಿಸಿಲಿನಲ್ಲಿ ಬ್ಯಾಟರಿ ಕಾಯದಿರಲೆಂದು ಕಾರು ಚಾರ್ಜಿಂಗ್ ವೇಗವನ್ನು ಇನ್ನಷ್ಟು ತಗ್ಗಿಸುವುದೂ ಉಂಟು.

ನಿಯಮಗಳಿಗೆ ಕೊರತೆಯಿಲ್ಲ. ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯ ವರ್ಷಗಳ ಹಿಂದೆಯೇ ಹೇಳಿತ್ತು. 2024ರಲ್ಲಿ ಆ ಅಂತರವನ್ನು 20 ಕಿಲೋಮೀಟರಿಗೆ ಇಳಿಸಿತು. ಅದೇ ವರ್ಷ ಒಪ್ಪಿಗೆ ಪಡೆದ 10,900 ಕೋಟಿ ರೂಪಾಯಿಯ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ಇದೆ, 22,100 ಫಾಸ್ಟ್ ಚಾರ್ಜರ್‌ಗಳು ನಾಲ್ಕು ಚಕ್ರದ ವಾಹನಗಳಿಗೆ. ಅಂತರ ಅಳೆದಷ್ಟು ಕಾಳಜಿಯಿಂದ ಚಾರ್ಜರ್ ಕೆಲಸ ಮಾಡಿದ ಗಂಟೆಗಳನ್ನೂ ಅಳೆಯಬೇಕಿತ್ತು. ಅಮೆರಿಕ ತನ್ನ ಹೆದ್ದಾರಿ ಚಾರ್ಜರ್‌ಗಳಿಗೆ ಸರ್ಕಾರಿ ಹಣ ಕೊಡುವಾಗ ಹಾಕಿದ ಷರತ್ತು ಸ್ಪಷ್ಟವಾಗಿತ್ತು: ಪ್ರತಿ ಕೇಂದ್ರದಲ್ಲಿ ಕನಿಷ್ಠ ನಾಲ್ಕು ಗನ್, ತಲಾ 150 ಕಿಲೋವ್ಯಾಟ್, ವರ್ಷದಲ್ಲಿ ಶೇ 97ಕ್ಕಿಂತ ಹೆಚ್ಚು ಹೊತ್ತು ಚಾಲೂ ಇರಬೇಕು. ಯುರೋಪ್ ಒಕ್ಕೂಟದಲ್ಲಿ 2024ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಫಾಸ್ಟ್ ಚಾರ್ಜರ್‌ಗಳು ಯಾವ ಆ್ಯಪ್, ಸದಸ್ಯತ್ವದ ಹಂಗಿಲ್ಲದೆ ಕಾರ್ಡ್ ಮೂಲಕ ಹಣ ಪಡೆಯಲೇಬೇಕು. ಯುಪಿಐ ಕಟ್ಟಿದ ದೇಶಕ್ಕೆ ಇಂಥ ನಿಯಮ ಮಾಡುವುದು ಕಷ್ಟದ ಕೆಲಸವಲ್ಲ.

ಈ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಓಡಾಡುತ್ತಿದೆ. ಕೆಎಸ್‌ಆರ್‌ಟಿಸಿಯ ಇವಿ ಪವರ್ ಪ್ಲಸ್ ಬಸ್‌ಗಳು 2023ರಲ್ಲಿ ಬೆಂಗಳೂರು–ಮೈಸೂರು ನಡುವೆ ಓಡಲು ಶುರುವಾದವು. ಆಮೇಲೆ ಮಡಿಕೇರಿ, ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಗೂ ಹೊರಟವು. ಅವುಗಳಲ್ಲಿ ಕೂತ ಪ್ರಯಾಣಿಕರು ಚಾರ್ಜ್ ಎಷ್ಟಿದೆ ಎಂದು ಯಾರನ್ನೂ ಕೇಳುವುದಿಲ್ಲ. ಆ ಬಸ್ಸಿನ ಬ್ಯಾಟರಿಯೂ ಲಿಥಿಯಂ ಬ್ಯಾಟರಿಯೇ, ಅದು ಮಡಿಕೇರಿಗೆ ಹತ್ತುವುದೂ ಬೆಟ್ಟವನ್ನೇ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಚಾರ್ಜ್ ಆಗಬೇಕೆಂದು ಮೊದಲೇ ಗೊತ್ತುಮಾಡಲಾಗಿದೆ. ಚಾರ್ಜರ್ ಕೆಟ್ಟರೆ ಬಸ್ ಹೊರಡುವುದಿಲ್ಲ, ಆದ್ದರಿಂದ ಕೆಡದಂತೆ ನೋಡಿಕೊಳ್ಳುವ ಹೊಣೆ ಹೊತ್ತವರು ಇದ್ದಾರೆ. ಕಾರಿನವರಿಗೆ ಸಿಗದೇ ಇರುವುದು ಆ ಹೊಣೆಗಾರಿಕೆ.

2024ರ ಜುಲೈನ ಮಳೆಗೆ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಮಾರ್ಗ ಮುಚ್ಚಿದಾಗ ವಾಹನಗಳು ಚಾರ್ಮಾಡಿ ಕಡೆಗೆ ತಿರುಗಬೇಕಾಯಿತು. ಪೆಟ್ರೋಲ್ ಕಾರಿಗೆ ಅದು ಸುತ್ತು ದಾರಿ ಅಷ್ಟೇ. ಅಳೆದು ಸುರಿದು ಚಾರ್ಜ್ ಇಟ್ಟುಕೊಂಡ ಎಲೆಕ್ಟ್ರಿಕ್ ಕಾರಿಗೆ ಅದು ಹೊಸ ಪ್ರಯಾಣ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಲೈನ್ ಹರಿದರೆ ಕರೆಂಟ್ ಬರಲು ದಿನಗಳೇ ಹಿಡಿಯುವುದನ್ನೂ ಇಲ್ಲಿ ನೆನೆಯಬೇಕು. ಮುಖ್ಯ ಹೆದ್ದಾರಿಯ ಜೊತೆಗೆ ಬೇಲೂರು, ಮೂಡಿಗೆರೆ, ಉಜಿರೆಯಂಥ ಬದಲಿ ದಾರಿಯ ಊರುಗಳಲ್ಲೂ ಭರವಸೆಯ ಚಾರ್ಜರ್ ಇರಬೇಕೆನ್ನುವುದು ಅದಕ್ಕೇ.

ಖರ್ಚಿನಲ್ಲೂ ಒಂದು ಅನ್ಯಾಯವಿದೆ. ಎಲೆಕ್ಟ್ರಿಕ್ ಕಾರು ಕೊಂಡರೆ ಜಿಎಸ್‌ಟಿ ಶೇ 5. ಮನೆಯ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಸಾರ್ವಜನಿಕ ಕೇಂದ್ರದಲ್ಲಿ ಚಾರ್ಜ್ ಮಾಡಿದರೆ ಶೇ 18. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ, ಚಾರ್ಜಿಂಗ್ ಎಂಬುದು ಸೇವೆ, ಹಾಗಾಗಿ ಶೇ 18 ಅನ್ವಯ ಎಂದಿತು. ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇಲ್ಲದವರ ಮೇಲೆಯೇ ಈ ಹೊರೆ ಬೀಳುತ್ತದೆ.

ದೊಡ್ಡ ಬ್ಯಾಟರಿ ಬಂದರೆ ಎಲ್ಲ ಸರಿಹೋಗುತ್ತದೆ, ಕಾಯೋಣ ಎನ್ನುವವರಿದ್ದಾರೆ. ಇಂದಿನ ಬ್ಯಾಟರಿಗಳಲ್ಲಿ ಒಂದೊಂದು ಯೂನಿಟ್‌ಗೆ ಆರೇಳು ಕಿಲೋ ತೂಕವಿದೆ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗಲೆಂದು 30 ಯೂನಿಟ್ ಹೆಚ್ಚು ತೆಗೆದುಕೊಂಡರೆ ಉಳಿದ ದಿನವೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇನ್ನೂರು ಕಿಲೋ ಹೊತ್ತು ತಿರುಗಬೇಕು, ಅದರ ಬೆಲೆಯನ್ನೂ ತೆರಬೇಕು. ಒಬ್ಬೊಬ್ಬ ಮಾಲೀಕರೂ ಲಕ್ಷಗಟ್ಟಲೆ ಕೊಟ್ಟು ಭಯಕ್ಕೆ ಪರಿಹಾರ ಕೊಳ್ಳುವುದಕ್ಕಿಂತ ಎಲ್ಲರಿಗೂ ದಕ್ಕುವ ನಾಲ್ಕು ಗನ್‌ಗಳನ್ನು ಹಾಸನದಲ್ಲಿ ಸುಸ್ಥಿತಿಯಲ್ಲಿಡುವುದು ಅಗ್ಗವೂ ಹೌದು, ನ್ಯಾಯವೂ ಹೌದು.

ಸರ್ಕಾರಿ ಜಾಗ, ಸಬ್ಸಿಡಿ, ರಿಯಾಯಿತಿ ದರದ ವಿದ್ಯುತ್ ಪಡೆದ ಪ್ರತಿ ಚಾರ್ಜರ್ ತಿಂಗಳಲ್ಲಿ ಎಷ್ಟು ಗಂಟೆ ಕೆಲಸ ಮಾಡಿತು ಎಂಬುದನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಐದೂ ವಿದ್ಯುತ್ ಸರಬರಾಜು ಕಂಪನಿಗಳು ಪ್ರಕಟಿಸಲಿ. ಸಬ್ಸಿಡಿಯ ಒಂದು ಪಾಲನ್ನು ಆ ಗಂಟೆಗಳಿಗೆ ಕಟ್ಟಿಹಾಕಲಿ. ಹೆದ್ದಾರಿಯ ಹೊಸ ಕೇಂದ್ರಕ್ಕೆ ನಾಲ್ಕು ಗನ್, 60 ಕಿಲೋವ್ಯಾಟ್, ಆ್ಯಪ್ ಇಲ್ಲದೆಯೂ ಯುಪಿಐ ಪಾವತಿ ಕನಿಷ್ಠ ಷರತ್ತಾಗಲಿ. ಚಾರ್ಜರ್ ಕೆಟ್ಟಿದ್ದರೆ ಮುಂದಿನ ಕೇಂದ್ರಕ್ಕೆ ಓಡುವ ಗಡಿಬಿಡಿಯಲ್ಲೂ ಪ್ರಯಾಣಿಕರು ಒಂದು ದೂರು ದಾಖಲಿಸಿಯೇ ಹೊರಡಲಿ. ಬೆಂಗಳೂರು–ಮಂಗಳೂರು ಮತ್ತು ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಗಳಲ್ಲಿ ಈ ಕೆಲಸವನ್ನು ಬರುವ ದಸರಾ ರಜೆಗೆ ಮೊದಲೇ ಶುರು ಮಾಡಬಹುದು.