ಯಾವ ಕಾಯಿನ್ ಎಂದು ಕೇಳುವ ಮೊದಲು ಯಾರ ಹಣ ಎಂದು ಕೇಳೋಣ

ಮದ್ರಸದಲ್ಲಿ ಓದಿ ಹೋದ ಹುಡುಗರು ನಮ್ಮಂಥ ಉಸ್ತಾದರ ಹತ್ತಿರ ಕೇಳುತ್ತಿದ್ದ ಹಣದ ಪ್ರಶ್ನೆಗಳು ಮೊದಲು ಬೇರೆ ಇದ್ದವು. ಬ್ಯಾಂಕಿನಲ್ಲಿ ಬಿದ್ದ ಬಡ್ಡಿಯನ್ನು ಎಂತ ಮಾಡುವುದು, ವಿಮೆ ಮಾಡಿಸಬಹುದಾ, ಅಂಗಡಿಗೆ ಲೋನ್ ತೆಗೆಯಬಹುದಾ ಎಂದು ಕೇಳುತ್ತಿದ್ದರು. ಈಗ ದುಬೈ, ದಮ್ಮಾಮ್, ದೋಹಾದಿಂದ ವಾಯ್ಸ್ ಮೆಸೇಜ್ ಬರುತ್ತದೆ: "ಉಸ್ತಾದ್, ಕ್ರಿಪ್ಟೋ ಹಲಾಲಾ? ಮೊದಲ ಸಲ ಹಾಕುವುದಾದರೆ ಯಾವ ಕಾಯಿನ್ ಒಳ್ಳೆಯದು?" ಊರಿನಲ್ಲಿ ಪಿಯುಸಿ ಓದುವ ಮಕ್ಕಳ ಬಾಯಲ್ಲೂ ಇದೇ ಮಾತು.

ಇಂಥ ಪ್ರಶ್ನೆ ಕೇಳಿದವರನ್ನು ಬೈದು ಕಳಿಸುವುದು ಸುಲಭ. ಆದರೆ ಬೈದರೆ ಹುಡುಗರು ಕೇಳುವುದನ್ನು ನಿಲ್ಲಿಸುತ್ತಾರೆ, ಹಣ ಹಾಕುವುದನ್ನು ನಿಲ್ಲಿಸುವುದಿಲ್ಲ. ನಮ್ಮನ್ನು ಬಿಟ್ಟು ಟೆಲಿಗ್ರಾಂ ಗ್ರೂಪಿನಲ್ಲಿ ಮುಖ ತೋರಿಸದ ಯಾರನ್ನೋ ಕೇಳುತ್ತಾರೆ. ಆದ್ದರಿಂದ ಉತ್ತರ ಕೊಡಲೇಬೇಕು. ನಮ್ಮ ಉತ್ತರ ಇಷ್ಟು: ಯಾವ ಕಾಯಿನ್ ಎಂಬುದು ಎರಡನೆಯ ಪ್ರಶ್ನೆ. ಅದು ಯಾರ ಹಣ, ಯಾವುದಕ್ಕೆಂದು ಇಟ್ಟ ಹಣ ಎಂಬುದು ಮೊದಲನೆಯ ಪ್ರಶ್ನೆ.

ಹಲಾಲ್ ಹರಾಮಿನ ವಿಷಯವನ್ನು ಮೊದಲು ಹೇಳಿಬಿಡುತ್ತೇವೆ. ಇದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಈಜಿಪ್ಟಿನ ಆಗಿನ ಗ್ರ್ಯಾಂಡ್ ಮುಫ್ತಿ ಶೌಕಿ ಅಲ್ಲಾಮ್ ಅವರು 2018ರ ಆರಂಭದಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧ ಎಂದು ಹೇಳಿದರು. ನಮ್ಮ ಹಾಗೆಯೇ ಶಾಫಿಈ ಮದ್‌ಹಬಿನವರು ಹೆಚ್ಚಿರುವ ಇಂಡೋನೇಷ್ಯಾದ ಉಲಮಾ ಮಂಡಳಿ 2021ರ ನವೆಂಬರ್‌ನಲ್ಲಿ ಕ್ರಿಪ್ಟೋವನ್ನು ಕರೆನ್ಸಿಯಾಗಿ ಬಳಸುವುದು ಹರಾಮ್ ಎಂದು ತೀರ್ಮಾನಿಸಿತು. ಅದೇ ಮದ್‌ಹಬಿನ ಮಲೇಷ್ಯಾದಲ್ಲಿ ಸೆಕ್ಯುರಿಟೀಸ್ ಕಮಿಷನ್ನಿನ ಶರೀಅತ್ ಸಲಹಾ ಮಂಡಳಿ 2020ರಲ್ಲಿ, ಷರತ್ತುಗಳಿಗೆ ಒಳಪಟ್ಟು ಡಿಜಿಟಲ್ ಆಸ್ತಿಯ ವ್ಯಾಪಾರ ಆಗಬಹುದು ಎಂದಿತು. ದೊಡ್ಡ ದೊಡ್ಡ ವಿದ್ವಾಂಸರೇ ಹೀಗೆ ಬೇರೆ ಬೇರೆ ಹೇಳಿರುವಾಗ, ಮದ್ರಸದಲ್ಲಿ ಪಾಠ ಹೇಳುವ ನಾವು ಫೋನಿನಲ್ಲಿ ಒಂದೇ ಮಾತಿನ ಫತ್ವಾ ಕೊಡುವುದು ಸರಿಯಲ್ಲ. ಅದನ್ನು ನಿಮಗೆ ನಂಬಿಕೆಯಿರುವ ಮುಫ್ತಿಯವರ ಹತ್ತಿರ ಕೂತು, ಪೂರ್ತಿ ವಿವರ ಹೇಳಿ ಕೇಳಿ. ಆದರೆ ಬಡ್ಡಿ, ಜೂಜು, ಮೋಸ ಈ ಮೂರು ಬೇಡ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಕ್ರಿಪ್ಟೋದ ಪೇಟೆಯಲ್ಲಿ ಈ ಮೂರೂ ಬೇರೆ ಬೇರೆ ಹೆಸರು ಇಟ್ಟುಕೊಂಡು ಓಡಾಡುತ್ತವೆ.

ಈಗ ಮೊದಲನೆಯ ಪ್ರಶ್ನೆಗೆ ಬರುವ. ನಮ್ಮ ಮನೆಗಳಲ್ಲಿ ಇರುವ ಹಣಕ್ಕೆಲ್ಲ ಒಂದೊಂದು ಹೆಸರು ಇದೆ. ತಂಗಿಯ ಮದುವೆಯ ಹಣ, ಮನೆಯ ಸ್ಲ್ಯಾಬ್ ಹಾಕಲಿಕ್ಕೆ ಇಟ್ಟ ಹಣ, ಉಮ್ಮನ ಉಮ್ರಾದ ಹಣ, ವೀಸಾಕ್ಕೆ ಮಾಡಿದ ಸಾಲ ತೀರಿಸುವ ಹಣ. ಹೆಂಡತಿಯ ಮಹರ್ ಚಿನ್ನ ಅಂತೂ ಅವಳದ್ದೇ. ಅವಳ ಮನಸ್ಸಿನ ಒಪ್ಪಿಗೆ ಇಲ್ಲದೆ ಗಂಡ ಅದನ್ನು ಮುಟ್ಟುವ ಹಾಗಿಲ್ಲ. ಹೀಗೆ ಹೆಸರು ಬಿದ್ದ ಹಣವನ್ನು ಕ್ರಿಪ್ಟೋಗೆ ಹಾಕಬೇಡಿ ಎಂದು ನಾವು ಹೇಳುತ್ತೇವೆ. ಕಾರಣ ಧರ್ಮದ್ದು ಮಾತ್ರ ಅಲ್ಲ, ಲೆಕ್ಕದ್ದೂ ಹೌದು.

ಬಿಟ್‌ಕಾಯಿನ್ ಇವುಗಳಲ್ಲೆಲ್ಲ ಹಳೆಯದು, 2009ರಿಂದ ಇದೆ. ಅದರ ಕಥೆಯನ್ನೇ ನೋಡಿ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಇತ್ತು. ಸರಿಯಾಗಿ ಒಂದು ವರ್ಷಕ್ಕೆ, 2022ರ ನವೆಂಬರ್‌ನಲ್ಲಿ, 16,000 ಡಾಲರಿಗಿಂತಲೂ ಕೆಳಗೆ ಬಂತು. ಒಂದು ಲಕ್ಷ ಹಾಕಿದವನ ಹತ್ತಿರ ಉಳಿದದ್ದು ಇಪ್ಪತ್ತೈದು ಸಾವಿರದ ಆಸುಪಾಸು. ಆಮೇಲೆ 2024ರ ಮಾರ್ಚ್‌ನಲ್ಲಿ ಅದು ಹಳೆಯ ಮಟ್ಟವನ್ನು ದಾಟಿತು, ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರನ್ನೂ ಮುಟ್ಟಿತು. "ನೋಡಿ ಉಸ್ತಾದ್, ಕಾದವರಿಗೆ ಲಾಭವೇ ಆಯ್ತಲ್ಲ" ಎಂದು ಹುಡುಗರು ಹೇಳುತ್ತಾರೆ. ನಿಜ, ಕಾದವರಿಗೆ ಆಯಿತು. ಆದರೆ 2022ರ ಡಿಸೆಂಬರ್‌ನಲ್ಲಿ ತಂಗಿಯ ನಿಕಾಹ್ ಇದ್ದವನು ಕಾಯುವುದು ಹೇಗೆ? ಹಾಲ್ ಬುಕ್ ಆಗಿದೆ, ಬೀಗರು ಕಾದಿದ್ದಾರೆ. ಅವನು ಕಾಲು ಭಾಗದ ಬೆಲೆಗೆ ಮಾರಲೇಬೇಕು. ಲಾಭ ಸಿಕ್ಕಿದ್ದು ಬುದ್ಧಿವಂತರಿಗೆ ಎಂದು ನಾವು ತಿಳಿದಿದ್ದೇವೆ. ಹಲವು ಸಲ ಅದು ಸಿಗುವುದು ಅವಸರ ಇಲ್ಲದವರಿಗೆ. ನಮ್ಮ ಹೆಚ್ಚಿನ ಮನೆಗಳ ಹಣ ಅವಸರದ ಹಣ.

ಮುಫ್ತಿಯವರನ್ನು ಕೇಳಿಯಾಯಿತು, ಮನೆಯಲ್ಲಿ ಹೇಳಿಯಾಯಿತು, ಸಾಲ ಇಲ್ಲ, ಆರು ತಿಂಗಳ ಖರ್ಚು ಕೈಯಲ್ಲಿ ಉಂಟು, ಪೂರ್ತಿ ಹೋದರೂ ರಾತ್ರಿ ನಿದ್ದೆ ಬರುವಷ್ಟು ಸಣ್ಣ ಮೊತ್ತ ಮಾತ್ರ ಹಾಕುತ್ತೇನೆ ಎನ್ನುವವರು ಇರಬಹುದು. ಅಂಥವರಿಗೆ ಎರಡನೆಯ ಪ್ರಶ್ನೆ: ಯಾವುದು? ಯಾವುದನ್ನು ಕೊಳ್ಳಿ ಎಂದು ನಾವು ಹೇಳುವುದಿಲ್ಲ, ಅದು ನಮ್ಮ ಕೆಲಸ ಅಲ್ಲ. ಯಾವುದು ಬೇಡ ಎಂದು ಹೇಳಬಲ್ಲೆವು.

ಒಂದು, ನಿಮಗೆ ತಿಳಿದವರು ತಂದ ಕಾಯಿನ್ ಬೇಡ. ಬಿಟ್‌ಕಾಯಿನ್, 2015ರಿಂದ ಇರುವ ಈಥರ್ ಇವನ್ನು ಮಾರಲಿಕ್ಕೆ ನಿಮ್ಮ ಭಾವ, ನಿಮ್ಮ ರೂಮಿನ ಗೆಳೆಯ ಮನೆಗೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ಅವರಿಗೆ ಕಮಿಷನ್ ಇಲ್ಲ. ಯಾರಾದರೂ ಹುಡುಕಿಕೊಂಡು ಬಂದು ಹೊಸ ಕಾಯಿನ್ ಹೆಸರು ಹೇಳುತ್ತಾನೆ, ಇನ್ನಿಬ್ಬರನ್ನು ಸೇರಿಸಿದರೆ ಬೋನಸ್ ಎನ್ನುತ್ತಾನೆ ಎಂದರೆ ಅದು ಚೈನ್ ಸ್ಕೀಮ್. ಪಕ್ಕದ ಕೇರಳದಲ್ಲಿ ಮೋರಿಸ್ ಕಾಯಿನ್ ಎಂಬ ಹೆಸರಿನಲ್ಲಿ ಸುಮಾರು 1,200 ಕೋಟಿ ರೂಪಾಯಿ ಸಂಗ್ರಹಿಸಿದ ಆರೋಪದ ಮೇಲೆ ಜಾರಿ ನಿರ್ದೇಶನಾಲಯ 2022ರಲ್ಲಿ ಆಸ್ತಿ ಮುಟ್ಟುಗೋಲು ಹಾಕಿತು. ನಮ್ಮ ಮಲಬಾರಿನ ಸಂಬಂಧಿಕರಲ್ಲಿ ಈ ಹೆಸರು ಕೇಳದವರು ಕಡಿಮೆ.

ಎರಡು, ತಿಂಗಳಿಗೆ ಇಷ್ಟು ಗ್ಯಾರಂಟಿ ಎನ್ನುವುದು ಬೇಡ. ವ್ಯಾಪಾರದಲ್ಲಿ ಲಾಭ ನಷ್ಟ ಎರಡೂ ಉಂಟು ಎಂದು ಧಕ್ಕೆಯಲ್ಲಿ ಮೀನು ಏಲಂ ಕೂಗುವವರಿಗೂ ಗೊತ್ತು, ಅಡಿಕೆ ಮಂಡಿಯವರಿಗೂ ಗೊತ್ತು. ನಷ್ಟವೇ ಇಲ್ಲ, ನಿಶ್ಚಿತ ಆದಾಯ ಮಾತ್ರ ಎಂದರೆ ಒಂದೋ ಬಡ್ಡಿ, ಇಲ್ಲದಿದ್ದರೆ ಮೋಸ. 2022ರಲ್ಲಿ ಟೆರಾ ಎಂಬ ಜಾಲದಲ್ಲಿ ಯುಎಸ್‌ಟಿ ಎಂಬ ಕಾಯಿನ್ ಇಟ್ಟವರಿಗೆ ವರ್ಷಕ್ಕೆ ಸುಮಾರು ಶೇ. 20 ಸಿಗುತ್ತಿತ್ತು. ಅದರ ಬೆಲೆ ಯಾವಾಗಲೂ ಒಂದು ಡಾಲರ್ ಇರುತ್ತದೆ ಎಂದು ಹೇಳಿದ್ದರು. ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಅದು ಕುಸಿಯಿತು. ಅದರ ಜೊತೆಗಾರ ಲೂನಾ ಎಂಬ ಕಾಯಿನ್ ಒಂದು ಸೆಂಟಿಗಿಂತಲೂ ಕೆಳಗೆ ಹೋಯಿತು.

ಮೂರು, ಫ್ಯೂಚರ್ಸ್, ಲೆವರೇಜ್ ಎಂಬ ಬಟನ್ ಒತ್ತಬೇಡಿ. ಸಾವಿರ ರೂಪಾಯಿ ಇಟ್ಟು ಹತ್ತು ಸಾವಿರದ ಆಟ ಆಡುವುದು ಅದು. ಬೆಲೆ ಹತ್ತು ಪೈಸೆಯಷ್ಟು, ಅಂದರೆ ಶೇ. 10 ಕೆಳಗೆ ಹೋದರೆ ನಿಮ್ಮ ಸಾವಿರ ಮುಗಿಯಿತು. ಜೂಜು ಎನ್ನಲಿಕ್ಕೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಎಲ್ಲಿ ಕೊಳ್ಳುವುದು ಎಂಬುದೂ ಸಣ್ಣ ವಿಷಯ ಅಲ್ಲ. 2023ರ ಮಾರ್ಚ್‌ನಿಂದ ಇಂಥ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ಬಂದಿವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಇಲ್ಲದ ಕಡೆ ಕಾಲಿಡಬೇಡಿ. ನೋಂದಣಿ ಇದ್ದರೂ ಅದು ವಿಮೆ ಅಲ್ಲ. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಹ್ಯಾಕರ್‌ಗಳು ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕಾಯಿನ್ ಕದ್ದರು. ಗ್ರಾಹಕರ ಕಾಯಿನ್‌ಗಳು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡವು. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಇಲ್ಲಿ ಅದಿಲ್ಲ.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕು. ಪಿಟುಪಿ ಎಂದು ಉಂಟು. ಅಪರಿಚಿತನಿಗೆ ಕಾಯಿನ್ ಕೊಟ್ಟು ಅವನಿಂದ ನಿಮ್ಮ ಖಾತೆಗೆ ರೂಪಾಯಿ ಹಾಕಿಸಿಕೊಳ್ಳುವುದು. ಆ ರೂಪಾಯಿ ಎಲ್ಲಿಯದೋ ಆನ್‌ಲೈನ್ ವಂಚನೆಯದ್ದಾಗಿದ್ದರೆ ಬೇರೆ ರಾಜ್ಯದ ಪೊಲೀಸರು ಹೇಳಿದ ಕೂಡಲೇ ನಿಮ್ಮ ಖಾತೆ ಫ್ರೀಜ್ ಆಗುತ್ತದೆ. ಗಲ್ಫಿನಿಂದ ಮಗ ಕಳಿಸಿದ ಸಂಬಳ ಅದೇ ಖಾತೆಯಲ್ಲಿದ್ದರೆ ಮನೆಯ ಒಲೆಯೂ ಫ್ರೀಜ್! ಇದಕ್ಕಿಂತ ಕೆಟ್ಟದ್ದು ಖಾತೆಯನ್ನೇ ಬಾಡಿಗೆಗೆ ಕೊಡುವುದು. "ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ಐದು ಸಾವಿರ ಕೊಡ್ತೇನೆ" ಎಂದು ಕಾಲೇಜು ಮಕ್ಕಳನ್ನು ಹಿಡಿಯುವವರಿದ್ದಾರೆ. ಕದ್ದ ಹಣವನ್ನು ಆ ಖಾತೆಯಿಂದ ತೆಗೆದು ಕ್ರಿಪ್ಟೋ ಮಾಡಿ ಸಾಗಿಸುತ್ತಾರೆ. ಕೇಸ್ ಬೀಳುವುದು ಪಾಸ್‌ಬುಕ್ಕಿನಲ್ಲಿ ಹೆಸರಿದ್ದವನ ಮೇಲೆ. ತಾಯಂದಿರು ಮಕ್ಕಳ ಹತ್ತಿರ ಇದನ್ನೊಂದು ಖಂಡಿತ ಕೇಳಬೇಕು. ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ತೆರಿಗೆಯ ಲೆಕ್ಕ ಹೆಚ್ಚಿನವರಿಗೆ ಗೊತ್ತಿಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ. 30 ತೆರಿಗೆ, ಅದರ ಮೇಲೆ ಸೆಸ್. ಮಾರುವಾಗ ಶೇ. 1 ಟಿಡಿಎಸ್ ಬೇರೆ. ಒಂದು ಕಾಯಿನ್‌ನಲ್ಲಿ 50,000 ಲಾಭ, ಇನ್ನೊಂದರಲ್ಲಿ 50,000 ನಷ್ಟ ಆಯಿತು ಎನ್ನಿ. ಕೈಗೆ ಬಂದದ್ದು ಸೊನ್ನೆ. ಆದರೂ ನಷ್ಟವನ್ನು ಕಳೆಯಲಿಕ್ಕೆ ಕಾನೂನು ಬಿಡುವುದಿಲ್ಲ, 15,600 ರೂಪಾಯಿ ಕಟ್ಟಬೇಕು. ಸರಕಾರ ತೆರಿಗೆ ತೆಗೆದುಕೊಳ್ಳುತ್ತದೆ ಎಂದರೆ ನಮ್ಮ ಹಣಕ್ಕೆ ಜವಾಬ್ದಾರಿ ತೆಗೆದುಕೊಂಡಿದೆ ಎಂದಲ್ಲ.

ಮೀರಾಸಿನ ವಿಷಯವನ್ನು ಯಾರೂ ಮಾತಾಡುವುದಿಲ್ಲ. ಬ್ಯಾಂಕಿನಲ್ಲಿ ಹಣ ಇಟ್ಟವನು ತೀರಿಕೊಂಡರೆ ದಾಖಲೆ ಕೊಟ್ಟು ವಾರಸುದಾರರು ಪಡೆಯಬಹುದು. ಸ್ವಂತ ವಾಲೆಟ್ಟಿನಲ್ಲಿ ಇಟ್ಟ ಕ್ರಿಪ್ಟೋಗೆ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳ ಗುಟ್ಟು ಇರುತ್ತದೆ. ಆ ಪದಗಳು ಮರೆತುಹೋದರೆ, ಅಥವಾ ಇಟ್ಟವನ ಜೊತೆಗೇ ಖಬರಿಗೆ ಹೋದರೆ, ಯಾವ ಕೋರ್ಟೂ ತೆರೆಸಿಕೊಡಲಾರದು. ಹೆಂಡತಿಯ, ಮಕ್ಕಳ, ತಾಯಿಯ ಪಾಲು ಅಲ್ಲಿಗೇ ಮುಗಿಯಿತು. ಕುರ್‌ಆನಿನ ಅತಿ ದೊಡ್ಡ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಹಣದ ವಿಷಯ ಬರೆದಿಡಬೇಕು, ಸಾಕ್ಷಿ ಇರಬೇಕು ಎಂಬ ಪಾಠ ನಾವು ಮಕ್ಕಳಿಗೆ ಹೇಳಿಕೊಡುವುದು ಇದಕ್ಕೇ. ಮನೆಯವರಿಗೆ ಗೊತ್ತಿಲ್ಲದ ಆಸ್ತಿ ಆಸ್ತಿಯೇ ಅಲ್ಲ. ಇಟ್ಟುಕೊಂಡವರು ಝಕಾತಿನ ಲೆಕ್ಕವನ್ನೂ ಉಲಮಾಗಳ ಹತ್ತಿರ ಕೇಳಬೇಕು. ಫೋನಿನೊಳಗೆ ಇರುವುದರಿಂದ ಅದು ಲೆಕ್ಕದಿಂದ ಹೊರಗಾಗುವುದಿಲ್ಲ.

ಕೊನೆಗೆ ನಮ್ಮವರಿಗೇ, ಅಂದರೆ ಉಸ್ತಾದರಿಗೆ, ಜಮಾಅತ್ ಕಮಿಟಿಯವರಿಗೆ ಒಂದು ಮಾತು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಳುಗಿತು. ಅಲ್ಲಿ ಮಾರಾಟವಾದದ್ದು ಚಿನ್ನಕ್ಕಿಂತ ಹೆಚ್ಚಾಗಿ 'ಹಲಾಲ್ ಹೂಡಿಕೆ' ಎಂಬ ಶಬ್ದ. ಬಡ್ಡಿ ಬೇಡ ಎಂದು ಬ್ಯಾಂಕಿನಿಂದ ದೂರ ಇದ್ದ ಸಾವಿರಾರು ಮುಸ್ಲಿಂ ಮನೆಗಳು ಆ ಶಬ್ದವನ್ನು ನಂಬಿ ಹಣ ಹಾಕಿದವು. ನಾಳೆ 'ಹಲಾಲ್ ಕಾಯಿನ್' ಎಂದು ಬೋರ್ಡ್ ಹಾಕಿಕೊಂಡು ಯಾರಾದರೂ ಬಂದರೆ ಅವರಿಗೆ ಬೇಕಾಗುವುದು ನಮ್ಮ ತಲೆಯ ಮುಂಡಾಸು, ನಮ್ಮ ಜೊತೆ ಒಂದು ಫೋಟೊ, ಮಸೀದಿಯ ಹಾಲ್‌ನಲ್ಲಿ ಒಂದು ಸಭೆ. ಅದನ್ನು ಕೊಡಬಾರದು. ಉಸ್ತಾದರ ಸಂಬಳ ಕಡಿಮೆ ಎಂಬುದು ಊರಿಗೇ ಗೊತ್ತಿರುವ ವಿಷಯ, ಹಾಗಾಗಿ ಕಮಿಷನ್ನಿನ ಆಸೆ ತೋರಿಸುವುದೂ ಮೊದಲು ನಮಗೇ. ಜನ ನಮ್ಮ ಹಿಂದೆ ನಮಾಝಿಗೆ ನಿಲ್ಲುವ ನಂಬಿಕೆಯನ್ನು ಹಣಕ್ಕೆ ಅಡವು ಇಡಲಿಕ್ಕೆ ಆಗುವುದಿಲ್ಲ.

ಮರಳುಗಾಡಿನ ಬಿಸಿಲಿನಲ್ಲಿ, ಒಂದು ರೂಮಿನಲ್ಲಿ ಎಂಟು ಜನ ಮಲಗಿ ಕೂಡಿಸಿದ ಹಣ ಅದು. ಅದನ್ನು ಬೇಗ ಎರಡರಷ್ಟು ಮಾಡಬೇಕು, ಬೇಗ ಊರಿಗೆ ಬರಬೇಕು ಎಂಬ ಆಸೆ ತಪ್ಪಲ್ಲ. ಆದರೆ ಬೇಗ ಬರಲಿಕ್ಕೆ ಹೋಗಿ ಇನ್ನೂ ಐದು ವರ್ಷ ಅಲ್ಲೇ ಉಳಿಯಬೇಕಾದ ಸ್ಥಿತಿ ಬರಬಾರದು. ಆದ್ದರಿಂದ ಹುಡುಗರೇ, ಒಂದು ಕಾಯಿನ್‌ಗೆ ಒಂದು ರೂಪಾಯಿ ಹಾಕುವ ಮೊದಲು ಮನೆಗೆ ಒಂದು ಫೋನ್ ಮಾಡಿ. ಯಾವುದಕ್ಕೆ ಹಾಕುತ್ತಿದ್ದೀರಿ, ಲಾಭ ಎಲ್ಲಿಂದ ಬರುತ್ತದೆ, ಪೂರ್ತಿ ಹೋದರೆ ಎಂತ ಮಾಡುವುದು ಎಂದು ಉಮ್ಮನಿಗೆ ಅರ್ಥವಾಗುವ ಹಾಗೆ ಹೇಳಿ. ಹೇಳಲಿಕ್ಕೆ ಆಗದಿದ್ದರೆ ನಿಮಗೂ ಅದು ಅರ್ಥವಾಗಿಲ್ಲ ಎಂದೇ ಲೆಕ್ಕ. ಹೇಳಲಿಕ್ಕೆ ಧೈರ್ಯ ಬರದಿದ್ದರೆ ಹಾಕಬಾರದು ಎಂದು ನಿಮ್ಮ ಮನಸ್ಸಿಗೆ ಮೊದಲೇ ಗೊತ್ತಿದೆ.