ಮಾತಿನ ಬೆನ್ನುಹತ್ತುವ ಯಂತ್ರ

‘ಟ್ರಂಕ್ ಕಾಲ್’ ಕೇಳಿ ಕಾದು ಕುಳಿತ ದಿನಗಳು ಮನೆಯ ಹಿರಿಯರಿಗೆ ಇನ್ನೂ ನೆನಪಿದ್ದಾವು. ಊರೂರುಗಳ ನಡುವಣ ಕೆಲವೇ ತಂತಿಗಳನ್ನು ಸರದಿಯಂತೆ ಎಲ್ಲರಿಗೂ ಹಂಚುತ್ತಿದ್ದ ಏರ್ಪಾಡು ಅದು. ಅದೇ ಉಪಾಯವನ್ನು ಅಮೆರಿಕದ ನಗರಗಳು ನಿಸ್ತಂತು ರೇಡಿಯೋಗೂ ಅಳವಡಿಸಿಕೊಂಡಿವೆ.

ಹಿಂದೆ ಅಲ್ಲಿ ಪೊಲೀಸರಿಗೊಂದು, ಅಗ್ನಿಶಾಮಕ ದಳಕ್ಕೊಂದು, ನಗರಸಭೆಗೊಂದು ಚಾನೆಲ್ ಮೀಸಲಾಗಿರುತ್ತಿತ್ತು. ಒಂದಕ್ಕೆ ಬಿಡುವಿಲ್ಲದ ದುಡಿತ. ಇನ್ನೊಂದಕ್ಕೆ ಕೆಲಸವೇ ಇಲ್ಲ. ಟ್ರಂಕಿಂಗ್ ಪದ್ಧತಿಯಲ್ಲಾದರೋ ಚಾನೆಲುಗಳೆಲ್ಲ ಎಲ್ಲರ ಸೊತ್ತು. ಮಾತನಾಡಲು ಗುಂಡಿಯೊತ್ತಿದೊಡನೆ ಗಣಕಯಂತ್ರವು ಬಿಡುವಾಗಿರುವ ಚಾನೆಲೊಂದನ್ನು ಆ ತಂಡಕ್ಕೆ ಒಪ್ಪಿಸುತ್ತದೆ. ಮಾತು ಮುಗಿಯಿತೇ? ಅದು ಮತ್ತೊಬ್ಬರ ಪಾಲು.

ಇದರಿಂದ ಪೇಚಿಗೆ ಸಿಲುಕಿದವರು ಮನೆಯಲ್ಲಿ ಕುಳಿತು ಸ್ಕ್ಯಾನರಿಗೆ ಕಿವಿಗೊಡುವ ಹವ್ಯಾಸಿಗಳು. ಪ್ರಶ್ನೆ ಒಂದು ಚಾನೆಲಿನಲ್ಲಿ, ಉತ್ತರ ಇನ್ನೊಂದರಲ್ಲಿ! 1997ರಲ್ಲಿ ಯೂನಿಡೆನ್ ಸಂಸ್ಥೆ ಹೊರತಂದ ‘ಬೇರ್‌ಕ್ಯಾಟ್ 235’ ಯಂತ್ರವು ಹೀಗೆ ಓಡುವ ಮಾತನ್ನು ಬೆನ್ನಟ್ಟುವ ವಿದ್ಯೆ ಕಲಿತೇ ಬಂದಿತು.

ಆ ವಿದ್ಯೆಯ ಗುಟ್ಟು ಇಷ್ಟೇ: ಮಾತನ್ನು ಅರಸುವ ಬದಲು, ಹಂಚುವವನನ್ನು ಹಿಡಿಯಬೇಕು. ‘ಇಂಥ ತಂಡ ಇಂಥ ಚಾನೆಲಿಗೆ ಹೋಗಲಿ’ ಎಂದು ಸಂಕೇತಗಳಲ್ಲಿ ಸದಾ ಸಾರುವ ಚಾನೆಲೊಂದಿದೆ. ಅದೇ ನಿಯಂತ್ರಣ ಚಾನೆಲ್. ಈಗ ಬಳಕೆಯಲ್ಲಿರುವ ‘ಪ್ರಾಜೆಕ್ಟ್ 25’ ಪದ್ಧತಿಯಲ್ಲಿ, ಅದಕ್ಕೆ ತಕ್ಕ ಸ್ಕ್ಯಾನರಿಗೆ ಆ ಚಾನೆಲಿನ ಕಂಪನಾಂಕವನ್ನು ತುಂಬಿದರೆ ಮಿಕ್ಕ ಚಾನೆಲುಗಳ ವಿವರವನ್ನು ಅದೇ ತಿಳಿಸುತ್ತದೆ. ಆದರೆ ನಿಯಂತ್ರಣದ ಹೊಣೆ ಬೇರೆ ಚಾನೆಲಿಗೆ ವರ್ಗವಾಗುವುದುಂಟು. ಆದ್ದರಿಂದ ಬದಲಿ ಕಂಪನಾಂಕಗಳನ್ನೂ ತುಂಬಿಡುವುದು ಜಾಣತನ. ಬಳಿಕ ತಂಡಗಳ ಸಂಖ್ಯೆಗಳು: ಬೇಕಾದವು ಒಳಗೆ, ಬೇಡವಾದವು ಹೊರಗೆ. ಹಳೆಯ ‘ಇಡ್ಯಾಕ್ಸ್’ ಪದ್ಧತಿಯಲ್ಲಿ ಕಂಪನಾಂಕಗಳನ್ನು ನಿಗದಿಯಾದ ಕ್ರಮದಲ್ಲೇ ತುಂಬಬೇಕಿತ್ತು. ಕ್ರಮ ತಪ್ಪಿದರೆ ಯಂತ್ರ ಯಾವುದೋ ಚಾನೆಲಿಗೆ ಹೋಗಿ ನಿಲ್ಲುತ್ತಿತ್ತು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈಚೆಗೆ ಮೌನ ಎದುರಾಗುವುದುಂಟು. ಡೆನ್ವರ್ ಪೊಲೀಸರು 2019ರಲ್ಲಿ ತಮ್ಮ ಮಾತನ್ನು ಗೂಢಲಿಪಿಗೆ ಒಪ್ಪಿಸಿದರು. ನ್ಯೂಯಾರ್ಕಿನಲ್ಲಿ ಆ ಕೆಲಸ 2023ರಲ್ಲಿ ತೊಡಗಿತು. ಯಾವ ತಂಡ ಮಾತನಾಡುತ್ತಿದೆಯೆಂದು ಸ್ಕ್ಯಾನರ್ ತೋರಿಸೀತು. ಮಾತು ಮಾತ್ರ ಕೇಳಿಸದು. ಕಳ್ಳನೂ ಕೇಳಿಸಿಕೊಂಡಾನು, ನೊಂದವರ ಗುಟ್ಟು ಬಯಲಾದೀತು ಎಂಬುದು ಪೊಲೀಸರ ವಾದ. ನಡುರಾತ್ರಿಯ ಘಟನೆ ನಮಗೆ ತಿಳಿಯುವುದೆಂತು ಎಂಬುದು ಪತ್ರಕರ್ತರ ಪ್ರಶ್ನೆ.

ಎರಡೂ ಕಡೆ ನ್ಯಾಯವಿದೆ. ಗಾಯಾಳುವಿನ ಹೆಸರು ಬೀಗದೊಳಗೇ ಇರಲಿ. ಬೆಂಕಿ ಬಿದ್ದ ಬೀದಿಯ ಹೆಸರನ್ನೂ ಅದೇ ಬೀಗದೊಳಗೆ ಇಟ್ಟುಬಿಟ್ಟರೆ, ನೆರೆಹೊರೆಯವರು ಎಚ್ಚರಗೊಳ್ಳುವುದು ಯಾವಾಗ?