ಖಾಲಿ ಗಾಡಿಯ ಭಾರ

ಕರ್ನಾಟಕದ ಸಾರಿಗೆ ಆಯುಕ್ತರಿಗೆ,



ಹಳೆಯ ಪುಟ್ಟ ಗೂಡ್ಸ್ ಗಾಡಿಯೊಂದನ್ನು ಕೊಂಡು ದೋಸೆ ಕ್ಯಾಂಟೀನ್ ಮಾಡಿಕೊಂಡವನು ನಾನು. ಬಾಡಿ ಕಟ್ಟಿದ ಮೇಸ್ತ್ರಿ ಉದ್ದ, ಅಗಲ, ಎತ್ತರ ಎಲ್ಲ ಕೇಳಿದ. ತೂಕ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನನ್ನ ಆರ್‌ಸಿಯಲ್ಲಿ ಖಾಲಿ ಗಾಡಿ 850 ಕಿಲೊ, ಹೇರು ಸೇರಿ 1,550. ಸ್ಟೀಲ್ ಕಟ್ಟೆ, ಕಾವಲಿ, ಒಲೆ, ತಗಡಿನ ಮಾಡು ಕೂತ ಮೇಲೆ ವೇಬ್ರಿಡ್ಜ್ ಹತ್ತಿಸಿದರೆ ಚೀಟಿಯಲ್ಲಿ 1,280 ಬಂತು. ಉಳಿದದ್ದು 270. ನಾನೂ ತಮ್ಮನೂ ಹತ್ತಿದರೆ 130 ಹೋಯಿತು. ನೂರು ಲೀಟರ್ ನೀರೆಂದರೆ ನೂರು ಕಿಲೊ. ಹೋಟೆಲ್ ಸಿಲಿಂಡರ್ ಕಬ್ಬಿಣ ಸೇರಿ 36. ಹಿಟ್ಟಿಗೆ ಉಳಿದದ್ದು ನಾಲ್ಕು ಕಿಲೊ! ಚಟ್ನಿ ಪಾತ್ರೆ ಹೊತ್ತು ಯಾರಾದರೂ ಪಕ್ಕದಲ್ಲಿ ನಡೆದು ಬರಬೇಕು.

"ಕಮಾನು ಪಟ್ಟಿ ಎರಡು ಜಾಸ್ತಿ ಹಾಕ್ಸಿ ಸಾರ್, ತಡೆಯುತ್ತೆ" ಅಂದ ಮೆಕ್ಯಾನಿಕ್. ಪಟ್ಟಿ ತಡೆದೀತು. ಬ್ರೇಕು, ಆಕ್ಸಲ್ ಹಳೆಯವೇ. ಪಟ್ಟಿ ಹಾಕಿದ ಮಾತ್ರಕ್ಕೆ 1,550ರ ಮಿತಿ ಏರುವುದಿಲ್ಲ.

ಇದಕ್ಕಿಂತ ನನ್ನನ್ನು ಬೆಚ್ಚಿಸಿದ್ದು 1988ರ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್. ಹೇರು ಹೆಚ್ಚಾದರಷ್ಟೇ ತಪ್ಪಲ್ಲ. ಆರ್‌ಸಿಯಲ್ಲಿ ಬರೆದ ಖಾಲಿ ತೂಕ ಮೀರಿದ ಗಾಡಿಯನ್ನೂ ಓಡಿಸುವಂತಿಲ್ಲ. ಅಂದರೆ ಒಂದು ಲೋಟ ನೀರಿಲ್ಲದೆ ಹೊರಟರೂ ನಾನು ತಪ್ಪಿತಸ್ಥ. 2019ರ ತಿದ್ದುಪಡಿಯ ನಂತರ ದಂಡ ಶುರುವಾಗುವುದೇ 20,000 ರೂಪಾಯಿಯಿಂದ.

ನಾನು ಕದ್ದು ಮಾಡಿಸಿದ್ದಲ್ಲ. ಅದೇ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಕೆಲಸಕ್ಕೆ ಮುಂಚೆಯೇ ಅನುಮತಿ ಕೇಳಲು ಆರ್‌ಟಿಒ ಕಚೇರಿಗೆ ಹೋಗಿದ್ದೆ. ಮೊದಲ ದಿನ ನಕ್ಷೆ ಕೇಳಿದರು, ಮುಂದಿನ ವಾರ ವಿಮೆ ಪತ್ರ, ಆಮೇಲೆ ಸಾಲ ಕೊಟ್ಟವರ ಒಪ್ಪಿಗೆ. ಎಲ್ಲವೂ ಬೇಕಾದವೇ, ಒಂದೇ ಸಲ ಹೇಳಬಹುದಿತ್ತು. ಕೊನೆಗೆ ಬ್ರೇಕ್ ಇನ್‌ಸ್ಪೆಕ್ಟರು ಟೇಪು ಹಿಡಿದು ಅಳೆದು ಸಹಿ ಹಾಕಿದರು. ತೂಕದ ಚೀಟಿಯನ್ನು ಯಾರೂ ಕೇಳಲಿಲ್ಲ. ಹೊಸ ಆರ್‌ಸಿಯಲ್ಲಿ ಖಾಲಿ ತೂಕ ಅದೇ 850!

ನಕ್ಷೆಯ ಜೊತೆಗೇ ಅಂದಾಜು ತೂಕವನ್ನೂ ಬರೆಸಿಕೊಳ್ಳಿ. ಬಾಡಿ ಕಟ್ಟಿದ ಮೇಲೆ ವೇಬ್ರಿಡ್ಜ್ ಚೀಟಿ ಇಲ್ಲದೆ ಸಹಿ ಬೇಡ; ಚೀಟಿಯ ಅಂಕಿಯೇ ಆರ್‌ಸಿಗೆ ಏರಲಿ. ಬೇಕಾದ ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಕೌಂಟರಿನ ಎದುರಿಗೇ ಅಂಟಿಸಿ. ಕಬ್ಬಿಣ ಕತ್ತರಿಸುವ ಮೊದಲೇ ಈ ಲೆಕ್ಕ ಸಿಕ್ಕಿದ್ದರೆ ನಾನು ಅಲ್ಯೂಮಿನಿಯಂ ಕಟ್ಟೆ ಹಾಕಿಸುತ್ತಿದ್ದೆ, ಇಲ್ಲವೇ ದೊಡ್ಡ ಗಾಡಿಯನ್ನೇ ಹುಡುಕುತ್ತಿದ್ದೆ.

ಈಗ ಸ್ಟೀಲ್ ಕಟ್ಟೆ ಬಿಚ್ಚಿಸುತ್ತಿದ್ದೇನೆ. ಮುಗಿದ ಮೇಲೆ ಹೊಸ ಚೀಟಿ ಹಿಡಿದು ಅದೇ ಕೌಂಟರಿಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದೋಸೆ ಗಾಡಿಯವನು